ಮಾಂಟ್ರಿಯಲ್‌ಗೆ ಹೊರಟ ನಮ್ಮ ಹುಡುಗ



ನಾನು ಭಾಷಣಕಾರನಲ್ಲ. ಪಿಯುಸಿ ಓದಿ ಬೆಂಗಳೂರಲ್ಲಿ ಪ್ರೆಸ್ಸು ನಡೆಸುವವನು. ನನ್ನ ಅಕ್ಕನ ಮಗನಿಗೆ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಕೆಲಸ ಸಿಕ್ಕಿದೆ. ಚಳಿಗಾಲದಲ್ಲಿ ಅಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದೂ ಉಂಟು. ಚಳಿ ಬಿಡಿ, ಕೋಟು ಕೊಂಡರಾಯಿತು. ಆದರೆ ಈ ಹುಡುಗ ಆರು ತಿಂಗಳಿಂದ ಬೆಳಗ್ಗೆ ಐದಕ್ಕೇ ಎದ್ದು ಫ್ರೆಂಚ್ ಕಲಿಯುತ್ತಿದ್ದಾನೆ!

ಯಾಕೆ ಗೊತ್ತೇ? ಆ ನಗರವಿರುವ ಕ್ವಿಬೆಕ್ ಪ್ರಾಂತ್ಯ 1977ರಲ್ಲೇ ಭಾಷಾ ಕಾಯ್ದೆ ತಂದಿತು. ಸುತ್ತಲೂ ಇಂಗ್ಲಿಷಿನ ಸಮುದ್ರ. ಆದರೂ ಕಚೇರಿ, ಕಾರ್ಖಾನೆ, ಅಂಗಡಿಗಳಲ್ಲಿ ಫ್ರೆಂಚೇ ಮುಂದೆ. ವಲಸೆ ಬಂದವರ ಮಕ್ಕಳೂ ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗಬೇಕು. ವಾಹನ ನಿಲ್ಲಿಸುವ ಕೆಂಪು ಫಲಕದ ಮೇಲೆ ಫ್ರಾನ್ಸಿನಲ್ಲೇ 'ಸ್ಟಾಪ್' ಎಂದಿದೆ. ಇವರು 'ಆರೆ' ಎಂದು ಬರೆಸಿದ್ದಾರೆ! ಬೋರ್ಡಿನಲ್ಲಿ ಬೇರೆ ಭಾಷೆಯಿದ್ದರೆ ಫ್ರೆಂಚಿಗೆ ಅದರ ಎರಡರಷ್ಟು ಜಾಗ.

ನಮ್ಮಲ್ಲೂ 2024ರಲ್ಲಿ ಬೋರ್ಡಿಗೆ ಶೇ. 60 ಕನ್ನಡ ಎಂಬ ಕಾನೂನು ಬಂತು. ಆದರೂ "ಕನ್ನಡ ಕೆಳಗೆ ಸಣ್ಣಕ್ಕೆ ಹಾಕ್ರೀ" ಎನ್ನುವ ಗಿರಾಕಿ ಇವತ್ತಿಗೂ ನನ್ನ ಪ್ರೆಸ್ಸಿಗೆ ಬರುತ್ತಾನೆ. ಅವನೂ ಕನ್ನಡಿಗನೇ!

ಇನ್ನೊಂದು ಮಾತು. ಕ್ವಿಬೆಕ್ ಸರ್ಕಾರ ಕಾನೂನು ಮಾಡಿ ಕೈಕಟ್ಟಿ ಕೂರಲಿಲ್ಲ, ಹೊಸಬರಿಗೆ ಪುಕ್ಕಟೆಯಾಗಿ ಫ್ರೆಂಚ್ ಕಲಿಸುತ್ತದೆ. ನಾವು?

ಹುಡುಗ ಮೊನ್ನೆ ತಲೆ ತಗ್ಗಿಸಿ ಹೇಳಿದ: "ಮಾವ, ನಮ್ಮ ಆಫೀಸಲ್ಲಿ ಪಕ್ಕದಲ್ಲಿ ಕೂರೋನು ಎಂಟು ವರ್ಷದಿಂದ ಇಲ್ಲಿದ್ದಾನೆ. ಕನ್ನಡ ಬರಲ್ಲ. ನಾನೂ ಒಂದು ದಿನ ಕಲಿಸಲಿಲ್ಲ."

ಹದಿನಾರು ಪುಟದ ಕನ್ನಡ ಕಲಿಕೆಯ ಪುಸ್ತಿಕೆ ಅಚ್ಚಿಗೆ ಹಾಕಿದ್ದೇನೆ. ಕಾಗದ, ಮಸಿ ನನ್ನದು. ಕಲಿಸುವವರು ಬೇಕು. ಸಂಜೆ ಆರರ ಮೇಲೆ ಪ್ರೆಸ್ಸಿನಲ್ಲೇ ಇರುತ್ತೇನೆ, ಬನ್ನಿ.