ಮೇರಿ ಪ್ರಿನ್ಸ್ ನುಡಿದ ಸಾಕ್ಷ್ಯ

(ಮಹಿಳಾ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಗುಲಾಮಗಿರಿಯ ಮಾತು ಬಂದಾಗ ನಮ್ಮ ಕಣ್ಣ ಮುಂದೆ ನಿಲ್ಲುವುದು ಸಂಕೋಲೆ ತೊಟ್ಟ ಪುರುಷನ ಚಿತ್ರ. ವಸ್ತುತಃ ವೆಸ್ಟ್ ಇಂಡೀಸ್‌ನ ಅನೇಕ ಕಬ್ಬಿನ ತೋಟಗಳಲ್ಲಿ ಬಿಸಿಲಿಗೆ ಮೈಯೊಡ್ಡಿ ಗುಂಡಿ ತೋಡುತ್ತಿದ್ದವರಲ್ಲಿ, ಕಬ್ಬು ಕಡಿಯುತ್ತಿದ್ದವರಲ್ಲಿ ಹೆಚ್ಚಿನವರು ಮಹಿಳೆಯರು. ಬಡಗಿ, ಕಮ್ಮಾರ, ಸಕ್ಕರೆ ಕುದಿಸುವವ ಮುಂತಾದ ಕಸುಬಿನ ಕೆಲಸಗಳು ಪುರುಷರಿಗೆ ಮೀಸಲಾಗಿದ್ದವು. ಚಾವಟಿ ಮಾತ್ರ ಇಬ್ಬರಿಗೂ ಸಮಾನವಾಗಿತ್ತು.

ಆದರೆ ಮಹಿಳೆಯ ಮೇಲೆ ಇನ್ನೊಂದು ಹೊರೆಯೂ ಇತ್ತು. ಮಗುವಿನ ಸ್ಥಾನಮಾನ ತಂದೆಯಿಂದ ನಿರ್ಣಯವಾಗಬೇಕೆಂಬುದು ಇಂಗ್ಲೆಂಡಿನ ಸಂಪ್ರದಾಯ. 1662ರಲ್ಲಿ ವರ್ಜೀನಿಯಾ ವಸಾಹತಿನ ಶಾಸನಸಭೆ ಇದನ್ನು ತಲೆಕೆಳಗು ಮಾಡಿತು. ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮ ಎಂದು ಅದು ಕಾನೂನು ಬರೆಯಿತು. ಇತರ ವಸಾಹತುಗಳಲ್ಲೂ ಇದೇ ನಿಯಮ ನಡೆಯಿತು. ಇದರ ಅರ್ಥವೇನೆಂದು ತುಸು ಯೋಚಿಸಿರಿ. ಒಡೆಯನು ಗುಲಾಮ ಮಹಿಳೆಯ ಮೇಲೆ ಅತ್ಯಾಚಾರವೆಸಗಿ ಮಗು ಹುಟ್ಟಿದರೆ ಅವನಿಗೆ ಶಿಕ್ಷೆಯಿಲ್ಲ, ಬದಲಾಗಿ ಅವನ ಆಸ್ತಿಗೆ ಒಂದು ಜೀವದ ಸೇರ್ಪಡೆ. ತನ್ನ ರಕ್ತವನ್ನೇ ಅವನು ಮಾರುಕಟ್ಟೆಯಲ್ಲಿ ಮಾರಬಹುದಿತ್ತು.

ಈ ಮಹಿಳೆಯರು ಮೌನವಾಗಿ ಸಹಿಸಿದರೇ? ಇಲ್ಲ. ಜಮೈಕಾದ ಬೆಟ್ಟಗಳಲ್ಲಿ ನ್ಯಾನಿ ಎಂಬಾಕೆ ತೋಟಗಳಿಂದ ತಪ್ಪಿಸಿಕೊಂಡವರ ನಾಯಕಿಯಾಗಿ ಬ್ರಿಟಿಷ್ ಸೈನ್ಯವನ್ನು ಎದುರಿಸಿದಳು. ಗ್ವಾಡೆಲೂಪ್ ದ್ವೀಪದಲ್ಲಿ ಗುಲಾಮಗಿರಿಯನ್ನು ಮತ್ತೆ ಹೇರಲು ಬಂದ ನೆಪೋಲಿಯನ್ನನ ಸೈನ್ಯದ ವಿರುದ್ಧ ಸೋಲಿಟ್ಯೂಡ್ ಎಂಬ ಗರ್ಭಿಣಿ ಬಂಡೆದ್ದಳು. 1802ರಲ್ಲಿ, ಹೆರಿಗೆಯಾದ ಬೆನ್ನಿಗೇ ಆಕೆಯನ್ನು ಗಲ್ಲಿಗೇರಿಸಲಾಯಿತು. ಆದರೆ ಇಂದು ನಾನು ಹೇಳಬಯಸುವುದು ಕೈಯಲ್ಲಿ ಆಯುಧ ಹಿಡಿಯದ ಮಹಿಳೆಯೊಬ್ಬಳ ಕುರಿತು. ಆಕೆಯ ಹೆಸರು ಮೇರಿ ಪ್ರಿನ್ಸ್.

1788ರ ಸುಮಾರಿಗೆ ಬ್ರಿಟಿಷ್ ವಸಾಹತಾಗಿದ್ದ ಬರ್ಮುಡಾ ದ್ವೀಪದಲ್ಲಿ ಗುಲಾಮ ದಂಪತಿಗೆ ಹುಟ್ಟಿದವಳು ಮೇರಿ. ಹನ್ನೆರಡರ ವಯಸ್ಸಿನಲ್ಲಿ ಆಕೆಯನ್ನೂ ಇಬ್ಬರು ತಂಗಿಯರನ್ನೂ ಹರಾಜಿಗೆ ನಿಲ್ಲಿಸಲಾಯಿತು. ಅಂದು ಬೆಳಿಗ್ಗೆ ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿದವಳು ತಾಯಿಯೇ. ಕಫನ್ ಹೊದಿಸುತ್ತಿರುವಂತೆ ಆ ತಾಯಿಗೆ ಅನಿಸಿತ್ತು. ಮೇರಿಯ ಬೆಲೆ 57 ಪೌಂಡಿಗೆ ಏರಿತು. ಮೂವರು ಮಕ್ಕಳು ಮೂವರು ಒಡೆಯರ ಪಾಲಾದರು.

ಹೊಸ ಮನೆಯಲ್ಲಿ ಹೆಟ್ಟಿ ಎಂಬ ಗುಲಾಮಳು ಮೇರಿಯನ್ನು ಮಗಳಂತೆ ನೋಡಿಕೊಂಡಳು. ಹೆಟ್ಟಿ ತುಂಬು ಗರ್ಭಿಣಿ. ಒಂದು ಹಸು ಹಗ್ಗ ಬಿಚ್ಚಿಕೊಂಡಿತೆಂಬ ಕಾರಣಕ್ಕೆ ಒಡೆಯ ಆಕೆಯನ್ನು ಕಟ್ಟಿ ಥಳಿಸಿದ. ಮಗು ಸತ್ತೇ ಹುಟ್ಟಿತು, ಕೆಲಕಾಲದಲ್ಲಿ ಹೆಟ್ಟಿಯೂ ತೀರಿಕೊಂಡಳು. ಆಕೆಯ ಕೆಲಸವೆಲ್ಲ ಮೇರಿಯ ಪಾಲಿಗೆ ಬಂತು. ಮುಂದೆ ಮೇರಿಯನ್ನು ಟರ್ಕ್ಸ್ ದ್ವೀಪದ ಉಪ್ಪಿನಾಗರಕ್ಕೆ ಕಳುಹಿಸಲಾಯಿತು. ಮುಂಜಾನೆ ನಾಲ್ಕಕ್ಕೇ ಉಪ್ಪುನೀರಿಗೆ ಇಳಿಯಬೇಕು. ಕಾಲ ತುಂಬ ಹುಣ್ಣು, ಆ ಹುಣ್ಣಿಗೆ ಮತ್ತೆ ಉಪ್ಪುನೀರು. ಅಲ್ಲಿನ ಒಡೆಯ ತನ್ನ ಸ್ವಂತ ಮಗಳನ್ನೇ ಹೊಡೆಯತೊಡಗಿದಾಗ ಅಡ್ಡ ಹೋದವಳು ಗುಲಾಮಳಾದ ಮೇರಿ. ಸ್ನಾನ ಮಾಡಿಸಲು ಅವನು ಆಕೆಯನ್ನು ಕರೆಯುತ್ತಿದ್ದ. ಕೊನೆಗೊಂದು ದಿನ, ಇನ್ನು ಬರುವುದಿಲ್ಲ ಎಂದುಬಿಟ್ಟಳು.

ಬಳಿಕ ಆಂಟಿಗುವಾ ದ್ವೀಪದ ಜಾನ್ ವುಡ್ ಎಂಬವನು ಆಕೆಯನ್ನು ಕೊಂಡ. ಅಲ್ಲಿ ಆಕೆ ಓದಲು ಕಲಿತಳು. ಒಡೆಯರು ಊರಲ್ಲಿಲ್ಲದಾಗ ಬಟ್ಟೆ ಒಗೆದು, ಹಡಗಿನ ಕಪ್ತಾನರಿಗೆ ಕಾಫಿ, ಗೆಣಸು ಮಾರಿ ಕಾಸು ಕೂಡಿಸಿದಳು. ತನ್ನನ್ನು ತಾನೇ ಕೊಂಡುಕೊಳ್ಳಲು! ವುಡ್ ಆಕೆಯನ್ನು ಮಾರಲು ಒಪ್ಪಲಿಲ್ಲ. 1826ರಲ್ಲಿ ಡೇನಿಯಲ್ ಜೇಮ್ಸ್ ಎಂಬ ಸ್ವತಂತ್ರ ಕರಿಯನನ್ನು ಮೊರೇವಿಯನ್ ಚರ್ಚಿನಲ್ಲಿ ಮದುವೆಯಾದಳು. ಕೇಳದೆ ಮದುವೆಯಾದದ್ದಕ್ಕೆ ಕುದುರೆ ಚಾವಟಿಯ ಏಟು ಬಿತ್ತು. ಕರಿಯನ ಬಟ್ಟೆ ತನ್ನ ಬಟ್ಟೆ ಒಗೆಯುವ ತೊಟ್ಟಿಯನ್ನು ಮುಟ್ಟಕೂಡದೆಂಬುದು ಮನೆಯೊಡತಿಯ ತಕರಾರು. ಈ ಮಾತು ಭಾರತೀಯರಾದ ನಮಗೆ ಅಪರಿಚಿತವೇನಲ್ಲ.

1828ರಲ್ಲಿ ವುಡ್ ದಂಪತಿ ಆಕೆಯನ್ನು ಲಂಡನ್ನಿಗೆ ಕರೆತಂದರು. ಸಂಧಿವಾತದಿಂದ ಕೈಕಾಲು ಊದಿಕೊಂಡಿದ್ದರೂ ರಾಶಿ ಬಟ್ಟೆ ಒಗೆಸಿದರು. ಬೇಡವೆಂದರೆ ಮನೆ ಬಿಟ್ಟು ಹೋಗು ಎಂದು ಪದೇ ಪದೇ ಗದರಿಸಿದರು. ಒಂದು ದಿನ ಆಕೆ ನಿಜವಾಗಿಯೂ ಹೊರಟೇಬಿಟ್ಟಳು. ಇಂಗ್ಲೆಂಡಿನ ನೆಲದಲ್ಲಿ ಆಕೆಯನ್ನು ಬಲವಂತವಾಗಿ ಹಿಡಿದೊಯ್ಯುವಂತಿರಲಿಲ್ಲ. ಆದರೆ ಆಂಟಿಗುವಾಕ್ಕೆ ಕಾಲಿಟ್ಟರೆ ಮತ್ತೆ ಗುಲಾಮಳು. ಸ್ವಾತಂತ್ರ್ಯ ಇಲ್ಲಿ, ಗಂಡ ಅಲ್ಲಿ! ಬಿಡುಗಡೆ ಕೋರಿ 1829ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಆಕೆಯ ಪರವಾಗಿ ಮನವಿ ಸಲ್ಲಿಕೆಯಾಯಿತು. ಬಿಡುಗಡೆ ಪತ್ರಕ್ಕೆ ವುಡ್ ಆಗಲೂ ಒಪ್ಪಲಿಲ್ಲ.

ಆಗ ಮೇರಿ ತನ್ನ ಕಥೆಯನ್ನು ತಾನೇ ಹೇಳಲು ನಿರ್ಧರಿಸಿದಳು. ಸುಸಾನಾ ಸ್ಟ್ರಿಕ್‌ಲ್ಯಾಂಡ್ ಎಂಬ ಲೇಖಕಿ ಅದನ್ನು ಬರೆದುಕೊಂಡರು. ಗುಲಾಮಗಿರಿ ವಿರೋಧಿ ಸಂಘದ ಕಾರ್ಯದರ್ಶಿ ಥಾಮಸ್ ಪ್ರಿಂಗಲ್ ಪ್ರಕಟಿಸಿದರು. 1831ರಲ್ಲೇ ಪುಸ್ತಕ ಮೂರು ಮುದ್ರಣ ಕಂಡಿತು. ಆ ಮೇಲಿನ ಬೆಳವಣಿಗೆ ನನ್ನನ್ನು ಬಹುವಾಗಿ ಕಾಡಿದೆ. ಗುಲಾಮರ ಪರವಾಗಿ ದುಡಿಯುತ್ತಿದ್ದ ಬರ್ಮಿಂಗ್‌ಹ್ಯಾಮ್‌ನ ಮಹಿಳಾ ಸಂಘವೇ, ಆಕೆಯ ಮೈಮೇಲೆ ಏಟಿನ ಗುರುತುಗಳಿವೆಯೇ ಎಂದು ವಿಚಾರಿಸಿತು. ಪ್ರಿಂಗಲ್‌ರ ಪತ್ನಿ ಮತ್ತು ಇತರ ಕೆಲವು ಮಹಿಳೆಯರು ಆಕೆಯ ಬೆನ್ನು ಪರೀಕ್ಷಿಸಿ, ಗಾಯದ ಕಲೆಗಳಿವೆಯೆಂದು ದೃಢೀಕರಿಸಿ ಪತ್ರ ಬರೆಯಬೇಕಾಯಿತು. ಆಕೆಯನ್ನು ಪ್ರೀತಿಸುವವರಿಗೂ ಆಕೆಯ ಮಾತು ಸಾಲಲಿಲ್ಲ, ಬೆನ್ನು ಬೇಕಾಯಿತು.

ವಿರೋಧಿಗಳ ತಂತ್ರ ಬೇರೆಯೇ ಆಗಿತ್ತು. ಏಟು ಬಿದ್ದಿಲ್ಲವೆಂದು ಸಾಧಿಸುವ ಗೋಜಿಗಿಂತ ಈಕೆ ಎಂಥ ಹೆಂಗಸು ಎಂದು ಕೇಳುವುದು ಸುಲಭವಲ್ಲವೇ? ಪತ್ರಿಕೆಗಳಲ್ಲಿ ಚಾರಿತ್ರ್ಯಹನನ ಆರಂಭವಾಯಿತು. 1833ರಲ್ಲಿ ಎರಡು ಮಾನನಷ್ಟ ಮೊಕದ್ದಮೆಗಳು ನಡೆದವು, ಮೇರಿ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಂತಳು. ಮದುವೆಗೆ ಮುಂಚೆ ತಾನು ಬೇರೊಬ್ಬ ಪುರುಷನೊಂದಿಗೆ ಬಾಳಿದ್ದನ್ನು ಅಲ್ಲಿ ಬಚ್ಚಿಡದೆ ಹೇಳಿದಳು. ಇದನ್ನು ಬರೆದುಕೊಂಡವರಿಗೂ ತಿಳಿಸಿದ್ದೆ ಎಂದಳು. ಪುಸ್ತಕದಲ್ಲಿ ಮಾತ್ರ ಅದು ಮುದ್ರಣವಾಗಿರಲಿಲ್ಲ. ಶುದ್ಧ ಚಾರಿತ್ರ್ಯವಿಲ್ಲದವಳ ಬೆನ್ನಿನ ಗಾಯಕ್ಕೆ ಓದುಗರು ಮರುಗಲಾರರೆಂದು ಹಿತೈಷಿಗಳೂ ಹೆದರಿದ್ದಿರಬೇಕು. ಸಹೋದರಿಯರೇ, ದೂರು ಕೊಡಲು ಹೋದ ಹೆಣ್ಣಿಗೆ ಇಂದಿಗೂ ಠಾಣೆಯಲ್ಲಿ, ಜಮಾಅತ್ ಕಮಿಟಿಯಲ್ಲಿ, ಸ್ವಂತ ಬಂಧುಗಳ ನಡುವೆ ಮೊದಲು ಎದುರಾಗುವ ಪ್ರಶ್ನೆ ಯಾವುದೆಂದು ನಿಮಗೆ ಗೊತ್ತಿದೆ.

ಆ ಮೊಕದ್ದಮೆಗಳ ನಂತರ ದಾಖಲೆಗಳಲ್ಲಿ ಮೇರಿಯ ಹೆಸರು ಕಾಣಿಸುವುದಿಲ್ಲ. ಅದೇ ವರ್ಷ ಪಾರ್ಲಿಮೆಂಟು ಗುಲಾಮಗಿರಿ ರದ್ದತಿಯ ಕಾನೂನು ಮಾಡಿತು. 1834ರ ಆಗಸ್ಟ್ 1ರಂದು ಅದು ಜಾರಿಗೆ ಬಂತು. ಬಹುತೇಕ ವಸಾಹತುಗಳಲ್ಲಿ ಜನರು ತರಬೇತಿಯ ಹೆಸರಿನಲ್ಲಿ 1838ರವರೆಗೆ ಹಳೆಯ ಒಡೆಯರಿಗೇ ದುಡಿಯಬೇಕಾಯಿತು. ಎರಡು ಕೋಟಿ ಪೌಂಡ್ ಪರಿಹಾರ ಮಂಜೂರಾಯಿತು. ಅದು ಸಂದದ್ದು ಒಡೆಯರಿಗೆ. ಹೊಡೆಸಿಕೊಂಡವರಿಗೆ ಬಿಡಿಗಾಸೂ ಇಲ್ಲ. ಆ ಪರಿಹಾರಕ್ಕಾಗಿ ಬ್ರಿಟಿಷ್ ಸರಕಾರ ಎತ್ತಿದ ಸಾಲ ಪೂರ್ತಿಯಾಗಿ ತೀರಿದ್ದು 2015ರಲ್ಲಿ.