ಟವೆಲಿನ ಕೆಳಗಿನ ಬೆರಳು, ಹಲಗಿಯ ಪೆಟ್ಟು

(ಬಾಗಲಕೋಟೆಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಹುನಗುಂದ ತಾಲ್ಲೂಕಿನ ಅಮೀನಗಡದ ಸಂತೆ ನಿಮಗೆ ಹೊಸದಲ್ಲ. ಕುರಿ, ಆಡುಗಳ ನಡುವೆ ಇಬ್ಬರು ಕೈ ಹಿಡಿದು ನಿಂತಿರುತ್ತಾರೆ. ಕೈಗಳ ಮೇಲೊಂದು ಟವೆಲ್. ಬಾಯಿ ಮುಚ್ಚಿದೆ, ಕಣ್ಣು ಎತ್ತಲೋ ನೋಡುತ್ತಿದೆ. ಒಳಗೆ ಮಾತ್ರ ಜೋರು ಚೌಕಾಶಿ! ಹಿಡಿದ ಬೆರಳು ಎಷ್ಟೋ ಸಂಖ್ಯೆ ಅಷ್ಟು. ಅದು ನೂರೋ ಸಾವಿರವೋ ಎಂಬುದು ಪ್ರಾಣಿಯನ್ನು ಕಂಡವರಿಗೆ ಗೊತ್ತೇ ಇರುತ್ತದೆ. ಒಪ್ಪದಿದ್ದರೆ ಕೈ ಕೊಡವುತ್ತಾರೆ. ಪಕ್ಕದ ಗಿರಾಕಿಗೆ ದರದ ಸುಳಿವು ಸಿಗುವುದಿಲ್ಲ. ಮಾರುವವನು ಅವನೊಡನೆ ಹೊಸದಾಗಿ ಶುರು ಮಾಡಬಹುದು.

ಬೆರಳಿಗೆ ತಾನಾಗಿ ಬೆಲೆಯಿಲ್ಲ. ಇಬ್ಬರೂ ಮೊದಲೇ ಒಪ್ಪಿಕೊಂಡ ಕಟ್ಟಳೆಯೊಂದು ಇರುವುದರಿಂದಲೇ ಅದು ಸಂಜ್ಞೆ. ಇಳಕಲ್ಲ ಸೀರೆಯ ಕೆಂಪು ಸೆರಗು ದೂರದಿಂದಲೇ ಊರಿನ ಹೆಸರು ಹೇಳುವುದೂ ಹೀಗೆಯೇ.

ಹಲಗಿಯ ವಿಷಯ ಇನ್ನೂ ಸ್ವಾರಸ್ಯದ್ದು. ಬಾಗಲಕೋಟೆಯ ಹೋಳಿಯಲ್ಲಿ ಹಲಗಿಯ ಸದ್ದು ಕೇಳಿದರೆ ಕಾಲು ಕುಣಿಯುತ್ತದೆ. ಅದೇ ಹಲಗಿ ಶವಯಾತ್ರೆಯ ಮುಂದೆ ಬೇರೆ ಪೆಟ್ಟಿನಲ್ಲಿ ನುಡಿಯುತ್ತದೆ. ಡಂಗುರಕ್ಕೆ ಮತ್ತೊಂದು: ನಾಲ್ಕು ಪೆಟ್ಟು, ಒಂದು ಕೂಗು. ವಾದ್ಯ ಒಂದೇ, ಪೆಟ್ಟಿನಿಂದ ಅರ್ಥ ಬೇರೆ. ಇಲ್ಲೊಂದು ಮಾತು ಹೇಳಲೇಬೇಕು. ಡಂಗುರ ಸಾರುವ ಕೆಲಸವನ್ನು ಊರು ಹುಟ್ಟಿನ ಹೆಸರಿನಲ್ಲಿ ದಲಿತರ ಮೇಲೆ ಹೇರಿತ್ತು. ಅವರು ಅದನ್ನು ಒಲ್ಲೆವೆಂದರೆ ತಪ್ಪೇನೂ ಇಲ್ಲ.

ಆದರೆ ಎಚ್ಚರಿಕೆ ಕೊಡುವ ಕೆಲಸ ಉಳಿದೇ ಇದೆಯಲ್ಲ? 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ನೀರು ನುಗ್ಗಿತ್ತು. ಮೇಲೆ ಸವದತ್ತಿಯ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟರೆ ಅದು ಬಾದಾಮಿ, ಹುನಗುಂದದ ಹಳ್ಳಿಗಳನ್ನು ಹಾದೇ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಬೇಕು. ಇಂಥ ಹೊತ್ತಿನ ಸುದ್ದಿಯಲ್ಲಿ, ನಮ್ಮ ಪತ್ರಿಕೆಗಳಲ್ಲೂ, ಇಷ್ಟು ಸಾವಿರ ಕ್ಯೂಸೆಕ್ ಎಂಬ ಅಂಕಿಯೇ ಮೊದಲು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಎಂಜಿನಿಯರಿಗೆ ಇದು ಸ್ಪಷ್ಟ. ಹೊಳೆದಂಡೆಯಲ್ಲಿ ಪಂಪ್‌ಸೆಟ್ ಇಟ್ಟ ರೈತನಿಗೆ? ಅವನಿಗೆ ಬೇಕಾದದ್ದು ತನ್ನ ಹೊಲ ಮುಳುಗುತ್ತದೆಯೇ, ಸೇತುವೆ ಎಷ್ಟು ಹೊತ್ತಿಗೆ ಬಂದ್ ಆಗುತ್ತದೆ ಎಂಬುದು. ಟವೆಲಿನ ಕೆಳಗಿದ್ದ ಒಪ್ಪಂದ ಇಲ್ಲಿಲ್ಲ. ಸುದ್ದಿ ತಲುಪಿತು, ಸಂಜ್ಞೆ ತಲುಪಲಿಲ್ಲ.

ಡಂಗುರದವನು ಊರಿನ ಗುರುತಿನಲ್ಲಿ ಮಾತಾಡುತ್ತಿದ್ದ: ಇಂಥ ಗುಡಿಯ ಮೆಟ್ಟಿಲು, ಇಂಥವರ ಹೊಲದ ಬದು. ಮೊಬೈಲ್ ಸಂದೇಶಕ್ಕೂ ಆ ಭಾಷೆ ಕಲಿಸಬಹುದು. ನಿಮ್ಮಲ್ಲಿ ಹಲವರು ಹೊಳೆಸಾಲಿನ ಊರುಗಳವರು. ರಜೆಗೆ ಹೋದಾಗ 2019ರ ನೀರು ಎಲ್ಲಿಯತನಕ ಬಂದಿತ್ತೆಂದು ಹಿರಿಯರನ್ನು ಕೇಳಿರಿ. ಶಾಲೆಯ ಗೋಡೆಯ ಮೇಲೋ ಸೇತುವೆಯ ಕಂಬದ ಮೇಲೋ ಅಲ್ಲಿಗೊಂದು ಕೆಂಪು ಗೆರೆ ಎಳೆಸಿರಿ. ಅದರ ಪಕ್ಕ ಆ ದಿನ ಬಿಟ್ಟ ನೀರಿನ ಕ್ಯೂಸೆಕ್ ಲೆಕ್ಕವನ್ನೂ ನೀರಾವರಿ ಕಚೇರಿಯಲ್ಲಿ ವಿಚಾರಿಸಿ ಬರೆಸಿರಿ.