ಕಂಪನಿಗೆ ಮತವಿಲ್ಲ, ಮಾತೇಕೆ?



ನಮ್ಮ ಹಳ್ಳಿಗಳ ಪಹಣಿಗಳನ್ನು ತೆಗೆಸಿ ನೋಡಿದರೆ, ಕೆಲವು ಸರ್ವೆ ನಂಬರುಗಳಲ್ಲಿ ರೈತರ ಹೆಸರಿರಬೇಕಾದ ಕಡೆ ದೇವರ ಹೆಸರಿರುತ್ತದೆ. ಆಂಜನೇಯಸ್ವಾಮಿ ದೇವರು, ಬಸವೇಶ್ವರ ದೇವರು ಎಂದು. ಕಾನೂನಿನ ಕಣ್ಣಿನಲ್ಲಿ ಆ ಜಮೀನಿಗೆ ದೇವರೇ ಒಡೆಯ. ಯಾರಾದರೂ ಒತ್ತುವರಿ ಮಾಡಿದರೆ ದೇವರ ಹೆಸರಿನಲ್ಲೇ ದಾವೆ ಹೂಡಬಹುದು. ಹಾಗೆಂದು ದೇವರ ಹೆಸರನ್ನು ಮತದಾರರ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. ಆಸ್ತಿ ಉಳಿಯಲೆಂದು ಕಾನೂನು ಕೊಟ್ಟ ವ್ಯಕ್ತಿತ್ವ ಅದು. ಅದರ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಕಂಪನಿಗಳಿಗೂ ಇಂಥದೇ ವ್ಯಕ್ತಿತ್ವವಿದೆ. ಸಾಲ ತರಲು, ಕರಾರು ಮಾಡಿಕೊಳ್ಳಲು, ಕೋರ್ಟಿನಲ್ಲಿ ಉತ್ತರ ಕೊಡಲು ಅದು ಬೇಕೇ ಬೇಕು. ಅದಿಲ್ಲದೆ ಹೋದರೆ ಮೋಸಹೋದ ಗಿರಾಕಿ ಯಾರ ಮೇಲೆ ದಾವೆ ಹಾಕಬೇಕು? ನನ್ನ ತಕರಾರು ಇದರ ಬಗ್ಗೆ ಅಲ್ಲ. ಕಾನೂನು ಹುಟ್ಟಿಸಿದ ಈ ವ್ಯಕ್ತಿ ಹಣದ ಚೀಲ ಹಿಡಿದು ಚುನಾವಣೆಯ ಕಣಕ್ಕೆ ಇಳಿದರೆ ಏನಾಗುತ್ತದೆ ಎಂಬುದೇ ಪ್ರಶ್ನೆ. ಅದನ್ನು ಉಂಡು ತಿಳಿದ ನಾಡೊಂದು ಅಮೆರಿಕದಲ್ಲಿದೆ. ಅದು ವಾಯವ್ಯದ ಬೆಟ್ಟಗಾಡು ರಾಜ್ಯ ಮೊಂಟಾನಾ.

ಅಲ್ಲಿನ ಬ್ಯೂಟ್ ಪಟ್ಟಣದ ಗುಡ್ಡದಲ್ಲಿ ತಾಮ್ರ ಸಿಕ್ಕಿತು. ಊರಿಗೆ ವಿದ್ಯುತ್ ದೀಪ ಬರುತ್ತಿದ್ದ ಕಾಲ, ತಂತಿಗೆ ತಾಮ್ರ ಬೇಕಾಗಿದ್ದ ಕಾಲ. ಗಣಿ ಮಾಲೀಕರನ್ನು ಜನ ತಾಮ್ರದ ದೊರೆಗಳೆಂದೇ ಕರೆದರು. ಅವರಲ್ಲಿ ವಿಲಿಯಂ ಕ್ಲಾರ್ಕ್ ಒಬ್ಬ. ಅವನಿಗೆ ಅಮೆರಿಕದ ಸೆನೆಟ್ ಸದಸ್ಯನಾಗುವ ಆಸೆ. ಆಗ ಸೆನೆಟರುಗಳನ್ನು ಆರಿಸುತ್ತಿದ್ದವರು ಜನರಲ್ಲ, ರಾಜ್ಯದ ಶಾಸಕರು. 1899ರ ಜನವರಿಯಲ್ಲಿ ಫ್ರೆಡ್ ವೈಟ್‌ಸೈಡ್ ಎಂಬ ಶಾಸಕ ಶಾಸನಸಭೆಯ ಮುಂದೆ ನಿಂತು, ಕ್ಲಾರ್ಕ್‌ನ ಕಡೆಯವರು ಮತಕ್ಕಾಗಿ ಕೊಟ್ಟದ್ದೆಂದು ನೋಟುಗಳನ್ನು ತೋರಿಸಿದ. ಒಂದೊಂದೂ ಸಾವಿರ ಡಾಲರಿನ 30 ನೋಟು! ಸಭೆ ಬೆಚ್ಚಿತು. ಆದರೂ ಗೆದ್ದವನು ಕ್ಲಾರ್ಕ್. ಹಣ ತೋರಿಸಿದ ವೈಟ್‌ಸೈಡ್ ತನ್ನ ಸ್ಥಾನವನ್ನೇ ಕಳೆದುಕೊಂಡ. ಮುಂದೆ ಸೆನೆಟ್ ಸಮಿತಿ ವಿಚಾರಣೆ ನಡೆಸಿ ಆಯ್ಕೆ ಅಸಿಂಧುವೆಂದಾಗ, 1900ರಲ್ಲಿ ಕ್ಲಾರ್ಕ್ ರಾಜೀನಾಮೆ ಕೊಟ್ಟ. ಮರುವರ್ಷ ಮತ್ತೆ ಆರಿಸಿ ಬಂದು ಪೂರಾ ಅವಧಿ ಮುಗಿಸಿದ.

ಇದು ಒಬ್ಬ ಮನುಷ್ಯನ ದುರಾಸೆಯ ಕತೆ. ಮನುಷ್ಯನಿಗೆ ವಯಸ್ಸಾಗುತ್ತದೆ, ಸಾಯುತ್ತಾನೆ. ಕಂಪನಿಗೆ ಆ ಕಟ್ಟಳೆಯೂ ಇಲ್ಲ. 1903ರ ಅಕ್ಟೋಬರಿನಲ್ಲಿ ಬ್ಯೂಟ್‌ನ ನ್ಯಾಯಾಧೀಶರೊಬ್ಬರ ತೀರ್ಪು ತನಗೆ ವಿರುದ್ಧವಾಗಿ ಬಂದಾಗ ಅಮಾಲ್ಗಮೇಟೆಡ್ ಕಾಪರ್ ಕಂಪನಿ ಗಣಿಗಳನ್ನೂ ಕುಲುಮೆಗಳನ್ನೂ ಒಟ್ಟಿಗೇ ಮುಚ್ಚಿಬಿಟ್ಟಿತು. ಚಳಿಗಾಲ ಎದುರಿಗಿತ್ತು, ಸಾವಿರಾರು ಕಾರ್ಮಿಕರಿಗೆ ಕೂಲಿ ನಿಂತಿತು. ನ್ಯಾಯಾಧೀಶರನ್ನು ಬದಲಿಸಿಕೊಳ್ಳಲು ಅವಕಾಶ ಕೊಡುವ ಕಾನೂನಿಗಾಗಿ ವಿಶೇಷ ಅಧಿವೇಶನ ಕರೆದರೆ ಮಾತ್ರ ಗಣಿ ತೆರೆಯುತ್ತೇವೆ ಎಂಬುದು ಕಂಪನಿಯ ಷರತ್ತು. ರಾಜ್ಯಪಾಲರು ಅಧಿವೇಶನ ಕರೆದರು, ಗಣಿ ತೆರೆಯಿತು, ಕಾನೂನೂ ಬಂತು. ಹೊಟ್ಟೆಯ ಮೇಲೆ ಹೊಡೆದು ಕಾನೂನು ಬರೆಸಿಕೊಳ್ಳುವುದು ಎಂದರೆ ಇದೇ.

ಮೊಂಟಾನಾದ ಜನ ಇದನ್ನು ಮರೆಯಲಿಲ್ಲ. 1912ರಲ್ಲಿ ಶಾಸಕರನ್ನು ನೆಚ್ಚಿಕೊಳ್ಳದೆ ತಾವೇ ಮತ ಹಾಕಿ ಕಾನೂನೊಂದನ್ನು ತಂದರು. ಚುನಾವಣೆಯಲ್ಲಿ ಅಭ್ಯರ್ಥಿಗಳ ಪರವಾಗಲಿ ವಿರುದ್ಧವಾಗಲಿ ಕಂಪನಿಗಳು ಹಣ ಖರ್ಚು ಮಾಡುವಂತಿಲ್ಲ ಎಂದು ಅದು ಹೇಳಿತು. ಆ ಕಾನೂನು ಸುಮಾರು ನೂರು ವರ್ಷ ನಡೆಯಿತು.

ಅದನ್ನು ಉರುಳಿಸಿದ್ದು ಅಮೆರಿಕದ ಸುಪ್ರೀಂ ಕೋರ್ಟು. ಆ ತೀರ್ಪಿನ ಬೇರು 1886ರಷ್ಟು ಹಿಂದಿನದು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ರಕ್ಷಣೆಗೆಂದು ಬಂದ ಸಂವಿಧಾನದ 14ನೇ ತಿದ್ದುಪಡಿ ಕಂಪನಿಗಳಿಗೂ ಅನ್ವಯಿಸುತ್ತದೆ ಎಂಬ ಮಾತು ರೈಲ್ವೆ ತೆರಿಗೆಯ ಒಂದು ಮೊಕದ್ದಮೆಯಲ್ಲಿ ಬಂತು. ಅದು ತೀರ್ಪಿನ ಒಡಲಿನಲ್ಲಿ ಇರಲೇ ಇಲ್ಲ. ಮುಖ್ಯ ನ್ಯಾಯಮೂರ್ತಿಗಳು ವಾದಕ್ಕೆ ಮೊದಲು ಬಾಯಿಮಾತಿನಲ್ಲಿ ಹೇಳಿದ್ದನ್ನು ಕೋರ್ಟಿನ ವರದಿಗಾರರು ತಲೆಬರಹದ ಟಿಪ್ಪಣಿಯಲ್ಲಿ ಸೇರಿಸಿದ್ದರು, ಅಷ್ಟೇ. ಆ ಟಿಪ್ಪಣಿಯೇ ಮುಂದೆ ನಿಯಮವಾಗಿ ಬೆಳೆಯಿತು. 1976ರಲ್ಲಿ ಚುನಾವಣೆಗೆ ಖರ್ಚು ಮಾಡುವುದೂ ಒಂದು ಬಗೆಯ ಅಭಿವ್ಯಕ್ತಿಯೇ ಎಂದು ಕೋರ್ಟು ಹೇಳಿತು. 2010ರ ಜನವರಿ 21ರಂದು ಸಿಟಿಜನ್ಸ್ ಯುನೈಟೆಡ್ ಪ್ರಕರಣದಲ್ಲಿ ಎರಡು ಎಳೆಯೂ ಕೂಡಿದವು. ಅಭ್ಯರ್ಥಿಯ ಕೈಗೆ ನೇರವಾಗಿ ಹಣ ಕೊಡದೆ, ಸ್ವತಂತ್ರವಾಗಿ ಪ್ರಚಾರಕ್ಕೆ ಕಂಪನಿಗಳು ಎಷ್ಟಾದರೂ ಸುರಿಯಬಹುದು ಎಂದು 5-4ರ ಬಹುಮತದ ತೀರ್ಪು ಬಂತು. ಆಗ 89 ವರ್ಷದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಭಿನ್ನಮತ ಬರೆದರು. ಸಂವಿಧಾನ ಹೇಳುವ 'ನಾವು, ಜನರು' ಎಂಬುದರಲ್ಲಿ ಕಂಪನಿಗಳು ಸೇರಿಲ್ಲ ಎಂಬುದು ಅವರ ವಾದದ ತಿರುಳು. 2012ರ ಜೂನ್‌ನಲ್ಲಿ ಇದೇ ತೀರ್ಪಿನ ಬಲದಿಂದ ಮೊಂಟಾನಾದ ಕಾನೂನೂ ಬಿತ್ತು, ಅದೂ 5-4ರಲ್ಲೇ.

ತೀರ್ಪನ್ನು ಒಪ್ಪುವವರ ವಾದ ಹಗುರವಾದದ್ದಲ್ಲ. ಜನ ಒಟ್ಟುಗೂಡಿದ ಮಾತ್ರಕ್ಕೆ ಅವರ ಮಾತಿನ ಹಕ್ಕು ಹೋಗಬೇಕೆ, ಪತ್ರಿಕೆಯೂ ಕಂಪನಿಯೇ ಅಲ್ಲವೆ ಎಂದು ಅವರು ಕೇಳುತ್ತಾರೆ. ಪತ್ರಿಕೆಯ ಕಸುಬೇ ಮಾತು, ಅದಕ್ಕೆ ರಕ್ಷಣೆ ಇರಲೇಬೇಕು. ಆದರೆ ತಾಮ್ರ ಮಾರಿ ಬಂದ ಲಾಭ ರಾಜಕೀಯಕ್ಕೆಂದು ಕೂಡಿಸಿದ್ದಲ್ಲ. ಷೇರುದಾರರಲ್ಲಿ ಎರಡೂ ಪಕ್ಷದವರಿರುತ್ತಾರೆ. ಅವರ ದುಡ್ಡಿನಲ್ಲಿ ಆಡಳಿತ ಮಂಡಳಿಯ ನಾಲ್ಕು ಜನ ಮಾತಾಡಿದರೆ ಅದು ಯಾರ ಮಾತು? ಆಸ್ತಿಗಾಗಿ ಕೊಟ್ಟ ವ್ಯಕ್ತಿತ್ವವನ್ನು ಆಸ್ತಿಗೇ ಬಿಡಬೇಕು. ನಾಗರಿಕರ ಹಕ್ಕು ಉಸಿರಾಡುವವರಿಗೆ ಮೀಸಲಿರಬೇಕು.

ಕಾನೂನು ಬಿದ್ದ ವರ್ಷದ ನವೆಂಬರಿನಲ್ಲೇ ಮೊಂಟಾನಾದ ಮತದಾರರು ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರಂತೆ ಮತ ಹಾಕಿ, ಕಂಪನಿ ಮನುಷ್ಯನಲ್ಲ, ಸಂವಿಧಾನ ತಿದ್ದಬೇಕು ಎಂದು ಸಾರಿದರು. ಆದರೆ ತಿದ್ದುಪಡಿಗೆ ಸಂಸತ್ತಿನ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು, ಆಮೇಲೆ 38 ರಾಜ್ಯಗಳ ಒಪ್ಪಿಗೆ ಬೇಕು. ಅದು ಇನ್ನೂ ದೂರದ ದಾರಿ.

ನಮ್ಮಲ್ಲಿ 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡಿತು. ಕಂಪನಿಯ ದೇಣಿಗೆಗೆ ಮಿತಿ ತೆಗೆದುಹಾಕಿದ 2017ರ ತಿದ್ದುಪಡಿಯೂ ಅದರೊಂದಿಗೆ ಹೋಯಿತು; ದೇಣಿಗೆಯ ವಿಷಯದಲ್ಲಿ ಕಂಪನಿಯನ್ನೂ ಮನುಷ್ಯನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದಿತು ಕೋರ್ಟು. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 7.5ರ ಮಿತಿ ಮರಳಿ ಬಂದಿದೆ. ಯಾವ ಪಕ್ಷಕ್ಕೆ ಎಷ್ಟು ಕೊಟ್ಟೆ ಎಂಬುದನ್ನು ಕಂಪನಿ ತನ್ನ ಲಾಭ-ನಷ್ಟದ ಲೆಕ್ಕದಲ್ಲಿ ತೋರಿಸಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಷೇರು ಇಟ್ಟುಕೊಂಡಿದ್ದರೆ, ಈ ಸಲ ವಾರ್ಷಿಕ ವರದಿ ಬಂದಾಗ ಲಾಭಾಂಶದ ಅಂಕಿ ನೋಡಿ ಮಡಿಚಿಡಬೇಡಿ. ಆ ಒಂದು ಸಾಲನ್ನೂ ಹುಡುಕಿ ಓದಿ.